ನಲ್ಲಿ ನಿಲ್ಲಿಸುವ ಚಟವೂ ಗೋಬಿಂದಿಯ ಮೀನುಗಳೂ

ಹೋದ ವಾರ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಒಬ್ಬ ಅಪರಿಚಿತನಿಂದ ಬೈಸಿಕೊಂಡೆ. ತಪ್ಪು ನನ್ನದೇ. ಬೆಳಗಿನ ಬೆಂಗಳೂರು ರೈಲಿಗೆ ಕಾಯುತ್ತ ನಿಂತಿದ್ದೆ. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಲ್ಲಿಯೊಂದು ಭರ್ರೆಂದು ಸುರಿಯುವ ಸದ್ದು ಕಿವಿಗೆ ಬಿತ್ತು. ಪೆಟ್ಟಿಗೆಯನ್ನು ಪಕ್ಕದಲ್ಲಿದ್ದ ಹೂವಿನವಳ ವಶಕ್ಕೆ ಕೊಟ್ಟು, ಮೊಣಕಾಲು ನೋವನ್ನೂ ಮರೆತು ಓಡಿ, ನಲ್ಲಿಯ ಕಿವಿ ಹಿಂಡಿ ನಿಲ್ಲಿಸಿದೆ. ಆಮೇಲೆ ನೋಡುತ್ತೇನೆ, ನಲ್ಲಿಯ ಮುಂದೆ ಒಬ್ಬ ಮನುಷ್ಯ ಬಗ್ಗಿ ನಿಂತಿದ್ದಾನೆ. ಮುಖದ ತುಂಬ ಸೋಪಿನ ನೊರೆ, ಕಣ್ಣು ಬಿಗಿಯಾಗಿ ಮುಚ್ಚಿದೆ, ಎರಡೂ ಕೈಯ ಬೊಗಸೆ ಗಾಳಿಯಲ್ಲಿ ನೀರು ಹುಡುಕುತ್ತಿದೆ.

"ಯಾವನ್ಲಾ ಅವ್ನು ನಲ್ಲಿ ನಿಲ್ಸಿದ್ದು? ಕಣ್ಣು ಉರೀತೈತೆ, ಬಿಡ್ಲಾ!"

ಮತ್ತೆ ನಲ್ಲಿ ತಿರುಗಿಸಿದೆ. ಮುಖ ತೊಳೆದುಕೊಂಡು ಕಣ್ಣು ಬಿಟ್ಟವನು ನನ್ನ ನರೆತ ತಲೆ, ಕನ್ನಡಕ, ಬಿಸಿಲಲ್ಲೂ ಹೆಗಲ ಮೇಲಿದ್ದ ಉಣ್ಣೆ ಸ್ವೆಟರನ್ನು ನೋಡಿ ಪೆಚ್ಚಾದ. "ದೊಡ್ಡೋರಂಗೆ ಕಾಣ್ತೀರ. ಇದೇನಮ್ಮ ನಿಮ್ದು ಮಕ್ಕಳಾಟ?" ಎಂದು ಟವೆಲ್ ಕೊಡವಿಕೊಂಡು ಹೋದ.

ಮಕ್ಕಳಾಟವಲ್ಲ, ಚಟ. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಇಸ್ಪೀಟು, ನನಗೆ ನಲ್ಲಿ. ಮದುವೆ ಮನೆಗೆ ಹೋದರೆ ಮೊದಲು ನಾನು ನೋಡುವುದು ಕೈತೊಳೆಯುವ ಜಾಗ, ಆಮೇಲೆ ಹುಡುಗ ಹುಡುಗಿ. ನೆಂಟರ ಮನೆಯಲ್ಲಿ ಸೊಸೆಯಂದಿರು ಪಾತ್ರೆ ತೊಳೆಯುವಾಗ ಹಿಂದೆ ಹೋಗಿ ನಿಂತು, ಬಿಟ್ಟಿದ್ದ ನಲ್ಲಿಯನ್ನು ಸಣ್ಣಗೆ ಮಾಡಿ ಬಂದದ್ದೂ ಉಂಟು. ಎರಡು ಮನೆಗಳಲ್ಲಿ ಮತ್ತೆ ಊಟಕ್ಕೆ ಕರೆದಿಲ್ಲ. ಈ ಚಟದಿಂದ ಯಾರಿಗೂ ಕೇಡಾಗಲಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳುವ ಹಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನನ್ನ ಊರು ಬೇತಮಂಗಲದಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಬೇತಮಂಗಲದ ಕೆರೆಯ ನೀರು ದಪ್ಪ ಕಬ್ಬಿಣದ ಪೈಪಿನೊಳಗೆ ಕೂತು ನಮ್ಮ ಹೊಲದ ಪಕ್ಕದಲ್ಲೇ ಹಾದು ಕೆಜಿಎಫ್‌ಗೆ ಹೋಗುತ್ತಿತ್ತು. ನಮಗೆ ಅದರ ಸದ್ದು ಮಾತ್ರ. ಒಂದು ಕಡೆ ಜೋಡಣೆಯಲ್ಲಿ ಸಣ್ಣಗೆ ಸೋರುತ್ತಿತ್ತು. ಆ ಸೋರಿಕೆಗೆ ನಮ್ಮೂರಿನಲ್ಲಿ ದೊಡ್ಡ ಮರ್ಯಾದೆ. ಅದರ ಕೆಳಗೆ ಕೊಡ ಇಡುವುದಕ್ಕೆ ಸರದಿಯಿತ್ತು, ಸರದಿಗೆ ಜಗಳವಿತ್ತು, ಜಗಳಕ್ಕೆ ಪಂಚಾಯ್ತಿಯಿತ್ತು. ರಿಪೇರಿಯವರು ಚೀಲ ಹಿಡಿದು ಬಂದರೆ ಸಾಕು, ಊರಿನ ಹೆಂಗಸರೆಲ್ಲ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು.

ಮನೆಯಲ್ಲಿ ನಾಲ್ಕು ಹಸು, ಒಂದು ಎಮ್ಮೆ. ಹಾಲು ಡೈರಿಗೆ. ಅಷ್ಟು ಬಾಯಿಗೆ ನೀರು ಹೊಂದಿಸುವುದು ಅಮ್ಮನ ಕೆಲಸ. ಅವಳ ಲೆಕ್ಕದಲ್ಲಿ ನೀರಿಗೆ ಒಂದೇ ಜನ್ಮ ಇರಲಿಲ್ಲ. ಅಕ್ಕಿ ತೊಳೆದ ನೀರು ಕಲಗಚ್ಚಿಗೆ ಸೇರಿ ಹಸುವಿಗೆ. ಸೊಪ್ಪು ತೊಳೆದದ್ದು ಕರಿಬೇವಿನ ಬುಡಕ್ಕೆ. ಮೈ ತೊಳೆದದ್ದು ತೆಂಗಿಗೆ. ಬಟ್ಟೆಯ ಸೋಪಿನ ನೀರು ಅಂಗಳದ ಧೂಳಿಗೆ. ಈ ಸಾಲು ತಪ್ಪುವಂತಿರಲಿಲ್ಲ. ಒಮ್ಮೆ ನಾನು ಸೋಪಿನ ನೀರನ್ನು ಕರಿಬೇವಿಗೆ ಸುರಿದು ಸೌಟಿನಿಂದ ಏಟು ತಿಂದಿದ್ದೇನೆ. "ಒಂದು ಚೆಂಬು ನೀರು ಮಣ್ಣಿಗೆ ಬೀಳಾಕ್ ಮುಂಚೆ ಮೂರು ಕೆಲ್ಸ ಮಾಡ್ಬೇಕು ಕಣೇ. ಬೆಳಿಗ್ಗೆಯಿಂದ ನೀನೇನು ಮಾಡ್ದೆ ಏಳು?" ಎನ್ನುತ್ತಿದ್ದಳು. ನೀರಿನ ಜೊತೆ ಹೋಲಿಸಿ ನನ್ನನ್ನು ಸೋಲಿಸುವುದು ಅವಳಿಗೆ ಬಲು ಸುಲಭವಾಗಿತ್ತು.

ಇಂಥ ಮನೆಯ ಹುಡುಗಿ ಮೀನಿನ ಓದು ಓದಿದ್ದು ಹೇಗೆ ಎಂದು ಕೇಳಬೇಡಿ. ಬೇಸಾಯದ ಓದಿಗೆ ಅರ್ಜಿ ಹಾಕಿದ್ದೆ, ಮೀನುಗಾರಿಕೆಯಲ್ಲಿ ಸೀಟು ಸಿಕ್ಕಿತು. ಆಮೇಲೆ ಅದರಲ್ಲೇ ಮುಂದೆ ಓದಿ, ಹಿಮಾಲಯದ ತಪ್ಪಲಲ್ಲಿ ತಣ್ಣೀರಿನ ಮೀನುಗಳ ಬಗ್ಗೆ ಸಂಶೋಧನೆ ಮಾಡುವ ಕೇಂದ್ರವೊಂದರಲ್ಲಿ ಕೆಲಸವೂ ಸಿಕ್ಕಿತು. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಕೂತವಳು ತಲೆಯೆತ್ತದೆ ಕೇಳಿದಳು.

"ಅಲ್ಲ ಕಣೇ ಸುಸೀಲಾ, ಆ ಮೀನಿಗೆ ಚಳಿ ಬೇಕು ಅಂತ ನೀನ್ಯಾಕೆ ಓಗಿ ನಡುಗ್ಬೇಕು? ಬೇತಮಂಗ್ಲದ ಮೀನು ಏನು ಪಾಪ ಮಾಡ್ತು?"

"ಅಲ್ಲಿನ ಮೀನೇ ಬೇರೆ ಅಮ್ಮ. ಟ್ರೌಟ್ ಅಂತ. ನೀರು ಬೆಚ್ಚಗಾದ್ರೆ ಬದುಕಲ್ಲ."

"ಅಂಗಾದ್ರೆ ಅದು ಸಾವ್ಕಾರ್ರ ಮೀನು ಬಿಡು," ಎಂದು ತಂಬಿಗೆ ಎತ್ತಿಕೊಂಡು ಎದ್ದಳು.

ಆ ಸಾಹುಕಾರ ಮೀನಿನ ದರ್ಬಾರು ನೋಡಿ ಮೊದಲ ದಿನವೇ ನನ್ನ ಹೊಟ್ಟೆ ಉರಿಯಿತು. ಉದ್ದನೆಯ ಸಿಮೆಂಟ್ ತೊಟ್ಟಿಗಳು. ಬೆಟ್ಟದಲ್ಲಿ ತಾನಾಗಿ ಉಕ್ಕುವ ಊಟೆಯ ನೀರು, ಬಾಯಿಗೆ ಹಾಕಿಕೊಂಡರೆ ಹಲ್ಲು ಜುಮ್ಮೆನ್ನುವಂಥದ್ದು, ಒಂದು ಕಡೆಯಿಂದ ಒಳಗೆ ಬರುತ್ತದೆ, ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ನಿಲ್ಲಿಸುವವರಿಲ್ಲ, ಹಿಡಿಯುವವರಿಲ್ಲ. ಮೀನು ಸುಮ್ಮನೆ ಎದುರು ಮುಖ ಮಾಡಿಕೊಂಡು ನಿಂತಿದೆ. ಹೊರಬಿದ್ದ ನೀರು ಕಣಿವೆಗೆ ಹಾರಿ ಮಾಯ. ಅದನ್ನು ನೋಡುತ್ತ ನಿಂತಾಗ ನಮ್ಮೂರಿನ ಸೋರುವ ಪೈಪು, ಅದರ ಕೆಳಗಿನ ಕೊಡಗಳ ಸಾಲು ಕಣ್ಣ ಮುಂದೆ ಬಂದು ನಿಜವಾಗಿಯೂ ಕಣ್ಣೀರು ಬಂತು. ಚಳಿಗೆ ಹೊಸಬರಿಗೆ ಹಾಗಾಗುತ್ತದೆ ಎಂದು ಸಹೋದ್ಯೋಗಿಗಳು ಸಮಾಧಾನ ಮಾಡಿದರು.

ಹರಿಯುವ ನೀರು ಆ ಮೀನಿಗೆ ಉಸಿರು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಅಂಕ ತೆಗೆದಿದ್ದೆ. ಆದರೆ ಪರೀಕ್ಷೆ ಬರೆದದ್ದು ತಲೆ, ಕೈ ಬರೆದಿರಲಿಲ್ಲ. ನಾನು ಹುಟ್ಟಿದಾಗಿನಿಂದ ಕಂಡ ಮೀನುಗಳು ಬೇತಮಂಗಲದ ಕೆರೆಯವು. ಎಮ್ಮೆಗಳು ಮೈ ತೊಳೆಸಿಕೊಳ್ಳುವ ಹಸಿರು ನೀರಿನಲ್ಲಿ, ಬೇಸಿಗೆಯಲ್ಲಿ ಕೆರೆ ಅರ್ಧವಾದಾಗಲೂ ದಪ್ಪಗೆ ಬೆಳೆಯುವ ಮೀನುಗಳು. ಕೈಗೆ ಗೊತ್ತಿದ್ದದ್ದು ಅಷ್ಟೇ.

ಗೋಬಿಂದಿ ದೀದಿಯ ಕತೆಗೆ ಬರುತ್ತೇನೆ. ಬರದೆ ತಪ್ಪಿಸಿಕೊಳ್ಳಲು ಇಷ್ಟು ಹೊತ್ತು ಸುತ್ತಿದೆ.

ನಮ್ಮ ಕೇಂದ್ರದಿಂದ ಎರಡು ಗಂಟೆ ನಡೆದರೆ ಅವರ ಹಳ್ಳಿ. ಬೆಟ್ಟದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲಗಳು, ಒಂದೊಂದೂ ನಮ್ಮ ಮನೆ ಅಂಗಳದಷ್ಟು. ಬೆಳೆದದ್ದನ್ನು ಕೋತಿ ಅರ್ಧ, ಕಾಡುಹಂದಿ ಅರ್ಧ ತಿಂದು ಹೋಗುತ್ತವೆ. ಕೆಳಗಿನ ನದಿಯಲ್ಲಿ ಹಿಂದೆ ಕೈಗೇ ಸಿಗುತ್ತಿದ್ದ ಮೀನು, ಜನ ಬ್ಲೀಚಿಂಗ್ ಪುಡಿ ಎರಚಿ ಮರಿಗಳ ಸಮೇತ ಹಿಡಿದುಬಿಟ್ಟ ಮೇಲೆ ಅಪರೂಪವಾಗಿತ್ತು. ನದಿಯ ತಂಟೆಗೆ ಹೋಗದೆ ಹೊಲದಲ್ಲೇ ತೊಟ್ಟಿ ಕಟ್ಟಿ ಮೀನು ಸಾಕಿ, ಅದರಿಂದ ನದಿಗೂ ಉಸಿರಾಡಲು ಬಿಡುವು ಸಿಗಲಿ ಎಂಬುದು ನಮ್ಮ ಕೇಂದ್ರದ ಉದ್ದೇಶ. ಆ ಹಳ್ಳಿಯಲ್ಲಿ ಮೊದಲು ಒಪ್ಪಿದವರು ಗೋಬಿಂದಿ. ಗಂಡ ತೀರಿಕೊಂಡಿದ್ದರು. ಗಂಡನ ಮನೆಯವರ ಮಾತು ಮೀರಿ, ಇದ್ದುದರಲ್ಲಿ ಒಳ್ಳೆಯ ಆಲೂಗಡ್ಡೆ ಹೊಲವನ್ನೇ ಅಗೆಸಿ ಎರಡು ತೊಟ್ಟಿ ಕಟ್ಟಿಸಿದ್ದರು. ಅವರ ಹಿಂದಿಯನ್ನು ನಮ್ಮ ಮಾತಿಗೆ ತಂದರೆ ಹೀಗೆ: "ಕೋತಿ ಆಲೂಗಡ್ಡೆ ಕೀಳುತ್ತೆ, ಹಂದಿ ಗೆಣಸು ಕೀಳುತ್ತೆ. ಮೀನು ನೀರೊಳಗಿರುತ್ತೆ. ಇಳಿದು ಹಿಡಿಯಲಿ, ನೋಡೇಬಿಡ್ತೀನಿ."

ಮೇ ತಿಂಗಳು. ನಾನು ಕೆಲಸಕ್ಕೆ ಸೇರಿ ಮೂರು ತಿಂಗಳು ತುಂಬಿರಲಿಲ್ಲ. ನೀರಿನ ಬಿಸಿ ಅಳೆಯಲೆಂದು ಅವರ ಮನೆಯಲ್ಲೇ ಎರಡು ದಿನ ಉಳಿದಿದ್ದೆ. ಆ ದಿನ ಪಕ್ಕದ ಹಳ್ಳಿಯಲ್ಲಿ ಮದುವೆ. ಗೋಬಿಂದಿ ದೊಡ್ಡ ನತ್ತು ಹಾಕಿಕೊಂಡು, ಹೊಸ ಸೀರೆ ಉಟ್ಟು, ಬೆಳಿಗ್ಗೆಯೇ ಎಲ್ಲರ ಜೊತೆ ಹೊರಟರು. "ಬೈಣಿ, ಮೀನು ನೋಡ್ಕೋ. ಸಂಜೆ ಬರ್ತೀವಿ," ಎಂದರು. ಬೈಣಿ ಎಂದರೆ ಆ ಕಡೆ ತಂಗಿ. ಓದಿದವಳು ಮನೆಯಲ್ಲಿದ್ದಾಳೆ, ಇನ್ನೇನು ಚಿಂತೆ ಎಂಬ ಧೈರ್ಯ ಅವರಿಗೆ.

ಊರಲ್ಲಿ ಯಾರೂ ಇಲ್ಲ. ತೊಟ್ಟಿಯಿಂದ ನೀರು ಹೊರಗೆ ಹೋಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಗಂಟೆ ತಡೆದೆ. ಆಮೇಲೆ ಕೈ ಕೇಳಲಿಲ್ಲ. ತೊಟ್ಟಿ ಅಂಚಿನವರೆಗೆ ತುಂಬಿದೆ, ತುಂಬಿದ ತೊಟ್ಟಿಗೆ ಇನ್ನೂ ಯಾಕೆ ಸುರಿಯಬೇಕು? ನಮ್ಮ ಕಡೆ ಗದ್ದೆಗೆ ಹೋಗುವ ನೀರು ತಡೆಯುವ ಹಾಗೆ, ಒಂದು ಗೋಣಿ ಚೀಲ ಸುತ್ತಿ, ಎರಡೂ ತೊಟ್ಟಿಗೆ ನೀರು ತರುವ ಕಾಲುವೆಯ ಬಾಯಿಗೆ ತುರುಕಿ, ಮೇಲೆ ಕಲ್ಲಿಟ್ಟೆ. ನೂಲಿನಷ್ಟು ನೀರು ಒಳಗೆ ಹೋಗುತ್ತಿತ್ತು. ಉಳಿದದ್ದನ್ನು ಪಕ್ಕದ ಬಟಾಣಿ ಸಾಲಿಗೆ ತಿರುಗಿಸಿದೆ. ಮೀನಿಗೆ ಮೇವೂ ಎರಡು ಹಿಡಿ ಹೆಚ್ಚಾಗಿಯೇ ಹಾಕಿದೆ; ಬಲವಂತ ಮಾಡಿ ಬಡಿಸುವುದು ನಮ್ಮೂರ ಸಂಪ್ರದಾಯವಲ್ಲವೇ? ಹೊಟ್ಟೆ ತುಂಬಿದ ಮೀನಿಗೆ ಉಸಿರು ಇನ್ನೂ ಹೆಚ್ಚು ಬೇಕು ಎಂಬುದು ಅದೇ ಪೂರ್ತಿ ಅಂಕದ ಉತ್ತರದ ಎರಡನೆಯ ಭಾಗ. ಆಮೇಲೆ ಅಕ್ರೋಟು ಮರದ ನೆರಳಲ್ಲಿ ಕೂತು ಅಮ್ಮನಿಗೆ ನಾಲ್ಕು ಪುಟದ ಕಾಗದ ಬರೆದೆ. "ಇಲ್ಲಿನ ಜನಕ್ಕೆ ನೀರಿನ ಬೆಲೆ ಗೊತ್ತಿಲ್ಲ. ಇವತ್ತು ನಾನು ಸ್ವಲ್ಪ ಕಲಿಸಿದೆ," ಎಂದು ಅದರಲ್ಲಿತ್ತು.

ಕಾಗದ ಮಡಿಚಿ ಎದ್ದು ನೋಡಿದಾಗ ಮೀನುಗಳೆಲ್ಲ ನೀರು ಬರುವ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಓಡಿ ಹೋಗಿ ಕಲ್ಲು ಎಳೆದೆ. ನೀರಲ್ಲಿ ನೆನೆದು ಉಬ್ಬಿದ ಗೋಣಿ ಕಾಲುವೆಯ ಬಾಯಿಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಎಷ್ಟು ಎಳೆದರೂ ಬರಲಿಲ್ಲ. ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಹಾಕಿದೆ. ಸಂಜೆ ಗೋಬಿಂದಿ ಬಂದು ನೋಡಿದರು. ಹೊಸ ಸೀರೆಯಲ್ಲೇ ಕಾಲುವೆಗಿಳಿದು ಒಂದೇ ಎಳೆತಕ್ಕೆ ಗೋಣಿಯನ್ನು ಕಿತ್ತು ಆಚೆ ಎಸೆದರು. ಒಂದು ತೊಟ್ಟಿಯಲ್ಲಿ ಒಂದೂ ಉಳಿದಿರಲಿಲ್ಲ. ಇನ್ನೊಂದರಲ್ಲಿ ಎಣಿಸುವಷ್ಟಿದ್ದವು. ಸತ್ತವನ್ನು ಬುಟ್ಟಿಗೆ ತುಂಬುತ್ತ ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮ ಊರಲ್ಲಿ ನೀರಿಲ್ವಾ ಬೈಣಿ?"

"ಇಲ್ಲ ದೀದಿ."

"ಹಾಗಾದ್ರೆ ನಿನ್ನ ತಪ್ಪಲ್ಲ." ಬುಟ್ಟಿ ಎತ್ತಿಕೊಂಡು ಹೇಳಿದರು: "ಆದ್ರೆ ಇನ್ಮೇಲೆ ನನ್ನ ತೊಟ್ಟಿ ಹತ್ತಿರ ಒಬ್ಬಳೇ ಬರಬೇಡ."

ಬೈದಿದ್ದರೆ ನಾನು ಕೆಲಸ ಬಿಟ್ಟು ಬೇತಮಂಗಲದ ಬಸ್ಸು ಹತ್ತುತ್ತಿದ್ದೆನೋ ಏನೋ. ಬೈಯಲಿಲ್ಲವಾದ್ದರಿಂದ ಆ ದಾರಿಯೂ ಮುಚ್ಚಿತು. ಆ ತೊಟ್ಟಿಯನ್ನು ಮತ್ತೆ ತುಂಬಿಸಿಕೊಡುತ್ತೇನೆ, ಅವರು ಆಡಿದ ಆ ಮಾತನ್ನು ಅವರೇ ಹಿಂದಕ್ಕೆ ತೆಗೆದುಕೊಳ್ಳುವವರೆಗೆ ಈ ಬೆಟ್ಟ ಇಳಿಯುವುದಿಲ್ಲ ಎಂದು ಅವತ್ತೇ ಹಠ ಹಿಡಿದೆ. ಕಾಗದವನ್ನು ಅಂಚೆಗೆ ಹಾಕಲಿಲ್ಲ.

ಬೆಟ್ಟ ಇಳಿಯುವುದಿಲ್ಲ ಎಂದೆನಲ್ಲ, ದಸರಾ ರಜೆಗೆ ಇಳಿದೆ. ಅದು ಬೇರೆ. ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಅಮ್ಮನ ತಮ್ಮನ ಮನೆ, ಗಣಿಯವರ ಲೈನ್ ಮನೆ. ಚಿಕ್ಕಂದಿನಲ್ಲಿ ನನಗೆ ಅದೇ ಪಟ್ಟಣ, ಅದೇ ವಿದೇಶ. ಒಂದೇ ಗೋಡೆಗೆ ಅಂಟಿಕೊಂಡ ಮನೆಗಳ ಸಾಲು. ಒಂದು ಮನೆಯ ಸಾರಿನ ಒಗ್ಗರಣೆಗೆ ಆರು ಮನೆಯವರು ಸೀನುತ್ತಿದ್ದರು. ಅತ್ತೆ ಪಕ್ಕದ ಮನೆಯವರ ಜೊತೆ ತಮಿಳಿನಲ್ಲಿ ಜಗಳ ಆರಂಭಿಸಿ, ಅದು ಏರಿದಾಗ ತೆಲುಗಿಗೆ ಹೊರಳಿ, ಕೊನೆಗೆ ನಮ್ಮ ಮುಂದೆ ಕನ್ನಡದಲ್ಲಿ ವರದಿ ಒಪ್ಪಿಸುತ್ತಿದ್ದರು. ನಾನು ಹೋದಾಗ ಗಣಿ ಮುಚ್ಚಿ ಎರಡು ಮೂರು ವರ್ಷವಾಗಿತ್ತು. ಮಾವ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು. ಮೀನು ಸತ್ತ ಕತೆಯನ್ನು ಮನೆಯವರೆಲ್ಲ ನಗುತ್ತ ಕೇಳಿದರು. ಮಾವ ನಗಲಿಲ್ಲ.

"ಎನ್ನಮ್ಮಾ, ತೊಟ್ಟೀಲಿ ನೀರಿತ್ತಾ?"

"ತುಂಬ ಇತ್ತು ಮಾವ."

"ಕಾತ್ತು?"

ಗಾಳಿಗೆ ಅವರು ಕಾತ್ತು ಎಂದೇ ಅನ್ನುವುದು. ನಾನು ಬಾಯಿ ತೆರೆಯುವ ಮೊದಲೇ ತಾವೇ ಮುಂದುವರಿಸಿದರು.

"ಕೆಳಗೆ ಇಳಿದ್ರೆ ನಾವು ಮೊದ್ಲು ನೋಡೋದು ಕಾತ್ತು, ಆಮೇಲೆ ಕಲ್ಲು. ಮೂಲೇಲಿ ಜಾಗ ಇರ್ತದೆ, ಬೆಳಕು ಇರ್ತದೆ, ಎಲ್ಲಾ ಇರ್ತದೆ. ಕಾತ್ತು ಓಡಾಡ್ದೆ ಓದ್ರೆ ಆಳು ನಿಲ್ಲಂಗಿಲ್ಲ. ಅಂಥ ಮೂಲೆಗೆ ಪೈಪ್ ಎಳ್ದು ಕಾತ್ತು ಬಿಡೋರು. ನಿನ್ ಮೀನಿಗೆ ಆ ಪೈಪ್ ಯಾವ್ದು?"

"ಅರಿಯೋ ನೀರೇ ಮಾವ." ಊರಿಗೆ ಕಾಲಿಟ್ಟರೆ ನನ್ನ ಹರಿಯುವುದೂ ಅರಿಯುವುದಾಗುತ್ತದೆ.

"ಸರಿ. ನೀರು ಕಮ್ಮಿ ಇದ್ರೆ? ಅದೇ ನೀರಿಗೆ ಇನ್ನೊಂದ್ಸಲ ಕಾತ್ತು ತುಂಬ್ಸಕ್ಕಾಗಲ್ವಾ?"

ಮಾವ ಓದಿದ್ದು ಐದನೇ ಕ್ಲಾಸು. ನಾನು ಓದಿದ್ದಕ್ಕೆ ಎರಡು ಸರ್ಟಿಫಿಕೇಟುಗಳಿದ್ದವು. ಆ ಪ್ರಶ್ನೆ ನನ್ನನ್ನು ಮುಂದಿನ ಇಪ್ಪತ್ತು ವರ್ಷ ದುಡಿಸಿತು.

ಯಾಕೆಂದರೆ ಅಷ್ಟರಲ್ಲಿ ಬೆಟ್ಟದಲ್ಲೂ ನೀರು ಕಡಿಮೆಯಾಗತೊಡಗಿತ್ತು. ಗೋಬಿಂದಿಯ ಹಳ್ಳಿಯ ಊಟೆ ವರ್ಷದಿಂದ ವರ್ಷಕ್ಕೆ ಬೇಸಿಗೆಯಲ್ಲಿ ಸಣಕಲಾಗುತ್ತಿತ್ತು. ಕೇಂದ್ರದಿಂದ ಹೊಸ ಮರಿ ಕೊಟ್ಟು ಅವರ ತೊಟ್ಟಿ ತುಂಬಿಸಿದೆವು. ಎರಡನೆಯ ಬೇಸಿಗೆಗೆ ನೀರು ಸಾಲದೆ ಮತ್ತೆ ಖಾಲಿಯಾಯಿತು. ಅವರನ್ನು ನೋಡಿ ತೊಟ್ಟಿ ಕಟ್ಟಿಸಿದ್ದ ಮೂರು ಮನೆಯವರು ಅದರಲ್ಲಿ ಒಣಹುಲ್ಲು ತುಂಬಿದರು. ಇಷ್ಟು ನೀರಿಲ್ಲದ ಕಡೆ ಟ್ರೌಟ್ ಸಾಕಬೇಡಿ ಎಂದು ನಮ್ಮ ಪುಸ್ತಕಗಳು ಹೇಳುತ್ತಿದ್ದವು. ನಾನು ಮೀಟಿಂಗಿನಲ್ಲಿ ಎದ್ದು ನಿಂತು, ಒಂದೇ ನೀರನ್ನು ಮೂರು ತೊಟ್ಟಿಗೆ ಬಳಸಿ ನೋಡೋಣ ಎಂದೆ. ನಮ್ಮ ಹಿರಿಯ ವಿಜ್ಞಾನಿಯೊಬ್ಬರು, "ಕೋಲಾರದವರು ಮೀನಿಗೂ ರೇಷನ್ ಕಾರ್ಡ್ ಮಾಡಿಸ್ತಾರೆ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿತ್ತಲಿನಲ್ಲಿ ಬಿರುಕು ಬಿಟ್ಟ ಮೂರು ಹಳೆಯ ತೊಟ್ಟಿಗಳಿವೆ, ಅವನ್ನು ಕೊಡಿ ಎಂದು ಕೇಳಿದೆ. ನಗು ಮುಗಿಯುವ ಮೊದಲೇ ಕೇಳಿದ್ದರಿಂದ ಇಲ್ಲವೆನ್ನಲಾಗಲಿಲ್ಲ.

ಕೆಲಸ ಹೇಳಿಕೊಂಡರೆ ಏನೂ ಇಲ್ಲ. ಒಂದರ ಕೆಳಗೊಂದು ತೊಟ್ಟಿ. ಮೇಲಿನದರಿಂದ ಹೊರಬಿದ್ದ ನೀರು ಕಲ್ಲುಗಳ ಮೇಲೆ ಚೆಲ್ಲಾಡಿ ಬಿದ್ದು, ಬೀಳುತ್ತ ಗಾಳಿ ತುಂಬಿಕೊಂಡು ಕೆಳಗಿನದಕ್ಕೆ ಹೋಗಬೇಕು. ಯಂತ್ರ ಬೇಡ, ಕರೆಂಟು ಬೇಡ, ಆ ಹಳ್ಳಿಗಳಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಪ್ರತಿ ತೊಟ್ಟಿಯ ನೀರನ್ನೂ ಬಾಟಲಿಗೆ ತುಂಬಿ, ಔಷಧ ಹಾಕಿ, ಅದರ ನೀಲಿ ಬಣ್ಣ ಮಾಯವಾಗುವವರೆಗೆ ಹನಿ ಹನಿ ಬಿಟ್ಟು, ಉಸಿರೆಷ್ಟಿದೆ ಎಂದು ಬರೆದಿಡುವುದು. ಕಲ್ಲು ಬದಲಿಸುವುದು, ಬೀಳುವ ಎತ್ತರ ಬದಲಿಸುವುದು, ಮತ್ತೆ ಹನಿ ಎಣಿಸುವುದು. ಹೀಗೆ ಬೆರಳು ಮರಗಟ್ಟಿದ ಎಷ್ಟೋ ಚಳಿಗಾಲ.

ಉಸಿರು ಸಿಕ್ಕಿತು, ಮೂರನೆಯ ತೊಟ್ಟಿಯ ಮೀನಿಗೆ ಕಾಯಿಲೆ ಬಂತು. ಮೇಲಿನವರ ಎಂಜಲೆಲ್ಲ ಕೆಳಗಿನವರ ಬಾಯಿಗೆ ಹೋಗುತ್ತಿತ್ತು. ಸೌಟಿನ ಏಟು ನೆನಪಾಯಿತು. ಯಾವ ನೀರು ಯಾವುದರ ನಂತರ ಯಾವುದಕ್ಕೆ ಎಂಬ ಸಾಲು ನಾನು ತಪ್ಪಿಸಿದ್ದೆ. ತೊಟ್ಟಿ ತೊಟ್ಟಿಯ ನಡುವೆ ಒಂದು ಗುಂಡಿ ಮಾಡಿ, ಅಲ್ಲಿ ಕೊಳೆ ತಳ ಹಿಡಿಯುವ ಹಾಗೆ ಮಾಡಿ, ಆ ಕೆಸರನ್ನು ಹೊಲಕ್ಕೆ ಹಾಕಿದೆವು. ಬಟಾಣಿ ಹುಚ್ಚಾಪಟ್ಟೆ ಬಂತು. ಆಮೇಲೆ ಬಿಸಿಲು. ಮೂರು ತೊಟ್ಟಿ ದಾಟುವಷ್ಟರಲ್ಲಿ ನೀರು ಕಾಯುತ್ತಿತ್ತು, ಇಪ್ಪತ್ತು ಡಿಗ್ರಿ ಮುಟ್ಟಿದರೆ ಈ ಸಾಹುಕಾರ ಮೀನು ಮೇವು ಬಿಡುತ್ತದೆ. ಕಾಲುವೆಗೆಲ್ಲ ಚಪ್ಪಡಿ ಕಲ್ಲು ಮುಚ್ಚಿಸಿ, ಕೊನೆಯ ತೊಟ್ಟಿಗೆ ಬಿಸಿಯನ್ನು ಇನ್ನೂ ಸ್ವಲ್ಪ ತಾಳುವ ಅಲ್ಲಿನದೇ ನದಿ ಮೀನನ್ನು ಬಿಟ್ಟೆವು. ಆಮೇಲೆ ಮಳೆಗಾಲದ ಕೆಸರು. ಅದಕ್ಕೊಂದು ಮರಳಿನ ಗುಂಡಿ. ಒಂದು ಸರಿಮಾಡಿದರೆ ಇನ್ನೊಂದು. ನಮ್ಮ ಕೇಂದ್ರಕ್ಕೆ ಹೊಸದಾಗಿ ಬಂದವರು ಆ ಹಿತ್ತಲನ್ನು ಹುಚ್ಚಿಯ ಹಿತ್ತಲೆಂದು ಕರೆಯುತ್ತಾರೆ ಎಂದು ನನ್ನ ಕಿವಿಗೂ ಬಿದ್ದಿದೆ. ಹಿತ್ತಲಿನ ತೊಟ್ಟಿಗಳು ಖಾಲಿಯಾಗಿರಲಿಲ್ಲವಲ್ಲ, ಏನು ಬೇಕಾದರೂ ಕರೆಯಲಿ.

ಹಿತ್ತಲಲ್ಲಿ ಗೆದ್ದದ್ದನ್ನು ಗೋಬಿಂದಿಯ ಹೊಲಕ್ಕೆ ಒಯ್ದು ಈಗ್ಗೆ ಐದು ವರ್ಷ. ಅವರು ಬೇಡವೆನ್ನಲಿಲ್ಲ. ಎರಡಿದ್ದ ತೊಟ್ಟಿ ಮೆಟ್ಟಿಲಿಳಿದು ನಾಲ್ಕಾಯಿತು. ಆದರೆ ನಾನು ಹೋದಾಗಲೆಲ್ಲ ಅವರು ಉಣ್ಣೆಯ ಉಂಡೆ, ಹೆಣೆಯುವ ಕಡ್ಡಿ ತಂದು ಕಲ್ಲಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಕೈ ಹೆಣೆಯುತ್ತಿತ್ತು, ಕಣ್ಣು ನನ್ನ ಕೈ ಮೇಲಿರುತ್ತಿತ್ತು. ನಾನು ಹೊರಡುವವರೆಗೆ ಏಳುತ್ತಿರಲಿಲ್ಲ. ಹಾಗೆ ಹೆಣೆದ ಸ್ವೆಟರುಗಳಲ್ಲಿ ಒಂದನ್ನು ನನಗೇ ಕೊಟ್ಟರು. ರೊಟ್ಟಿ ಕೊಟ್ಟರು, ತುಪ್ಪ ಕೊಟ್ಟರು, ಮಗಳ ಮದುವೆಯಲ್ಲಿ ಮನೆಯವಳ ಹಾಗೆ ಓಡಾಡಿಸಿದರು. ತೊಟ್ಟಿಯ ಹತ್ತಿರ ಒಬ್ಬಳೇ ಇರಲು ಮಾತ್ರ ಬಿಡಲಿಲ್ಲ. ನಾನೂ ಕೇಳಲಿಲ್ಲ. ಕೇಳಿ ಪಡೆಯುವ ವಸ್ತುವಲ್ಲ ಅದು.

ಈ ಬೇಸಿಗೆ ಊಟೆ ಹಿಂದೆಂದೂ ಇಲ್ಲದಷ್ಟು ಬತ್ತಿತು. ಮಾಡಿದ ಕೆಲಸ ನಿಲ್ಲುತ್ತದೋ ಬೀಳುತ್ತದೋ ಗೊತ್ತಾಗುವ ಬೇಸಿಗೆ. ಅದೇ ಹೊತ್ತಿಗೆ ತಮ್ಮನ ಮೊಮ್ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರವೆಂದು ನಾನು ಊರಿಗೆ ಬರಬೇಕಾಯಿತು. ಮೈ ಇಲ್ಲಿ, ಮನಸ್ಸು ಅಲ್ಲಿ. ಅಮ್ಮನಿಗೆ ಈಗ ಎಂಬತ್ತರ ಹತ್ತಿರ, ತಮ್ಮನ ಸಂಸಾರದ ಮಧ್ಯೆ ದೊರೆಸಾನಿಯ ಹಾಗಿದ್ದಾಳೆ. ಹಾಲು ಕರೆಯುವ ಮಿಷನ್ನು ಬಂದಿದೆ; ಅದರ ಪಕ್ಕ ಕುರ್ಚಿ ಹಾಕಿಕೊಂಡು ಅದನ್ನೂ ಬೈಯುತ್ತಾಳೆ.

"ಸಾಕು ಕಣೇ, ಆ ಬೆಟ್ಟ ಅತ್ತಿ ಇಳ್ದಿದ್ದು. ಸರ್ವೀಸು ಇನ್ನೆಷ್ಟೈತೆ? ರಜ ಆಕ್ಕೊಂಡು ಇಲ್ಲೇ ಬಿದ್ದಿರು. ನಿನ್ ಮೀನು ಯಾರಾದ್ರೂ ನೋಡ್ಕೋತಾರೆ."

"ಯಾರು ನೋಡ್ಕೋತಾರೆ ಅಮ್ಮ?"

"ಆ ಗೋಬಿಂದಮ್ಮ ಅಲ್ಲೇ ಅವ್ಳಲ್ಲ."

ಅಷ್ಟರಲ್ಲೇ ಗೋಬಿಂದಮ್ಮನ ಫೋನು ಬಂತು. ಕೊಟ್ಟಿಗೆಯಲ್ಲಿ ಮಿಷನ್ನಿನ ಸದ್ದು. ನಾನು ಹೊರಗೆ ಓಡಿ ಹುಲ್ಲಿನ ಬಣವೆಯ ಹಿಂದೆ ನಿಂತೆ.

"ದೀದಿ, ಮೀನು?"

"ಇವೆ. ಊಟೆ ನನ್ನ ಬೆರಳಿನಷ್ಟಾಗಿದೆ. ಮೀನಿವೆ, ನಾಲ್ಕೂ ತೊಟ್ಟಿಯಲ್ಲಿವೆ. ಹುಲ್ಲು ತುಂಬಿದ್ದವರು ಬಂದು ನೋಡಿ ಹೋದ್ರು, ಹುಲ್ಲು ತೆಗೀತಿದ್ದಾರೆ." ಆಮೇಲೆ ಬೇರೆ ಮಾತಿಗೆ ಬಂದರು. "ಬೈಣಿ, ಮಗಳಿಗೆ ದಿನ ತುಂಬಿದೆ. ಪೇಟೆಯ ಆಸ್ಪತ್ರೆಗೆ ನಾನು ಹೋಗಬೇಕು, ಹತ್ತು ದಿನ. ಇಂಥ ಬೇಸಿಗೇಲಿ ತೊಟ್ಟಿ ನೋಡ್ಕೊಳ್ಳೋದು ಇನ್ಯಾರಿಗೂ ಬರಲ್ಲ. ನೀನು ಬಾ. ಮನೇಲಿ ಒಬ್ಬಳೇ ಇರಬೇಕಾಗುತ್ತೆ. ಇರ್ತೀಯಾ?"

"ಇರ್ತೀನಿ ದೀದಿ."

"ಜಾಣತನ ಏನೂ ಮಾಡಬೇಡ," ಎಂದು ಫೋನಿಟ್ಟರು.

ಕಿವಿ ಚುಚ್ಚುವುದು ಸೋಮವಾರ. ನಾನು ಅದಕ್ಕೆ ಕಾಯದೆ ನಾಳೆ ಬೆಳಿಗ್ಗೆಯೇ ಹೊರಡುತ್ತೇನೆಂದೆ. ಮನೆಯೆಲ್ಲ ಮುಖ ಊದಿಸಿತು. ಅಮ್ಮ ಮಾತ್ರ ನನ್ನ ಮುಖವನ್ನೇ ದಿಟ್ಟಿಸಿ ನೋಡಿ, ಹುರಿಹಿಟ್ಟಿನ ಡಬ್ಬಿ ಚೀಲಕ್ಕೆ ತುರುಕುತ್ತ ಹೇಳಿದಳು: "ಓಗು. ಕೊಟ್ಟ ಮಾತು ಕಾಯ್ಲಿಲ್ಲ ಅಂದ್ರೆ ಕಿವಿಗೆ ಓಲೆ ಇದ್ರೇನು, ಇಲ್ದಿದ್ರೇನು?" ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ನಾನು ನಿಂತಿದ್ದದ್ದು ಆ ಬೆಳಿಗ್ಗೆ.

ರೈಲು, ಇನ್ನೊಂದು ರೈಲು, ಜೀಪು, ಆಮೇಲೆ ಎರಡು ಗಂಟೆ ಏರು. ತಲುಪಿದಾಗ ಗೋಬಿಂದಿ ಗಂಟು ಕಟ್ಟಿ ಸಿದ್ಧವಾಗಿದ್ದರು. ಮೇವಿನ ಡಬ್ಬ ತೋರಿಸಿದರು, ಬೀಗದ ಕೈ ಕೊಟ್ಟರು. ಅವರ ಕೂದಲೂ ಈಗ ನನ್ನದರಷ್ಟೇ ಬಿಳಿ. ಇನ್ನೇನಾದರೂ ಹೇಳುತ್ತಾರೆಂದು ಕಾದೆ. ಮೇಲಿನಿಂದ ಕೆಳಗಿನವರೆಗೆ ನಾಲ್ಕೂ ತೊಟ್ಟಿ ಒಮ್ಮೆ ನೋಡಿದರು, ಗಂಟನ್ನು ತಲೆಯ ಮೇಲಿಟ್ಟುಕೊಂಡು ಇಳಿಯತೊಡಗಿದರು.

ಅಲ್ಲಿಂದ ದಾರಿ ಬಹಳ ದೂರದವರೆಗೆ ಕಾಣುತ್ತದೆ. ಮೊದಲ ತಿರುವಿನಲ್ಲಿ ಹಿಂದಿರುಗಿ ನೋಡುತ್ತಾರೆಂದುಕೊಂಡೆ. ನೋಡಲಿಲ್ಲ. ಎರಡನೆಯ ತಿರುವಿನಲ್ಲಿ ದಾರಿ ಈ ಕಡೆಗೇ ಮುಖ ಮಾಡುತ್ತದೆ, ಕತ್ತು ಎತ್ತಿದರೆ ಸಾಕು ತೊಟ್ಟಿಗಳೂ ಕಾಣುತ್ತವೆ, ನಾನೂ ಕಾಣುತ್ತೇನೆ. ಅಲ್ಲೂ ಗೋಬಿಂದಿ ಕತ್ತೆತ್ತಲಿಲ್ಲ. ಮಗಳ ಹೆರಿಗೆಗೆ ಹೊರಟ ತಾಯಿಯ ಅವಸರದಲ್ಲಿ ಬಿರಬಿರನೆ ನಡೆದು ಮರಗಳ ಮರೆಗೆ ಹೋಗಿಬಿಟ್ಟರು. ನಾನು ತೊಟ್ಟಿಯ ಪಕ್ಕದಲ್ಲಿ ಒಬ್ಬಳೇ ಕೂತು, ಕೇಳುವವರು ಯಾರೂ ಇಲ್ಲವೆಂಬ ಧೈರ್ಯದ ಮೇಲೆ, ಜೋರಾಗಿ ಅತ್ತೆ.